ನಾಲ್ಕಡಿಯ ಉಪ್ಪುನೀರಿನ ತೊಟ್ಟಿಯಲ್ಲಿ ಎಷ್ಟು ಮೀನು ಸಾಕಬಹುದು?

ಡೊಂಬಿವಿಲಿಯ ಓದುಗರೊಬ್ಬರ ಪ್ರಶ್ನೆ: "ಹನ್ನೆರಡು ವರ್ಷ ಸಿಹಿನೀರಿನ ಮೀನು ಸಾಕಿದ ಮೇಲೆ ಈ ವರ್ಷ ಉಪ್ಪುನೀರಿನ ಅಕ್ವೇರಿಯಂ ಮಾಡಿದ್ದೇನೆ. ತೊಟ್ಟಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಕೆಳಗೆ 40 ಲೀಟರಿನ ಸಂಪ್, ಅದರಲ್ಲಿ ಸ್ಕಿಮ್ಮರ್ (ಹೊಲಸನ್ನು ನೊರೆಯಾಗಿ ಎತ್ತುವ ಯಂತ್ರ) ಇದೆ. ತೊಟ್ಟಿಗೆ ಸುಮಾರು 25 ಕಿಲೋ ಲೈವ್ ರಾಕ್ (ಬ್ಯಾಕ್ಟೀರಿಯಾಗಳು ನೆಲೆಸಿದ ಕಡಲ ಕಲ್ಲು) ಹಾಕಿದ್ದೇನೆ. ಮೂರು ತಿಂಗಳಾಯಿತು. ಸದ್ಯಕ್ಕೆ ಎರಡು ಕ್ಲೌನ್ ಮೀನು, ಒಂದು ಡಾಮಿನೋ ಡ್ಯಾಮ್ಸೆಲ್ ಇವೆ. ಇಪ್ಪತ್ತು ಮೀನು ಧಾರಾಳವಾಗಿ ಹಿಡಿಯುತ್ತವೆ ಎಂದು ಅಂಗಡಿಯವರು ಹೇಳುತ್ತಾರೆ. ಐದರ ಮೇಲೆ ಒಂದೂ ಬೇಡ ಎಂದು ಪರಿಚಯದ ಹಿರಿಯರೊಬ್ಬರು ಹೇಳುತ್ತಾರೆ. ಮಗಳಿಗೆ ಬ್ಲೂ ಟ್ಯಾಂಗ್ ಎಂಬ ನೀಲಿ ಮೀನು ಬೇಕೇ ಬೇಕಂತೆ. ನಾನು ಯಾರ ಮಾತು ಕೇಳಲಿ?"

ನಿಮಗೆ ಬೇಕಾದ ಸಂಖ್ಯೆಯನ್ನು ಮೊದಲೇ ಹೇಳಿಬಿಡುತ್ತೇನೆ. ಈಗಿರುವ ಎರಡು ಕ್ಲೌನ್ ಮೀನುಗಳೂ ಸೇರಿ ನಿಮ್ಮ ತೊಟ್ಟಿಗೆ ಏಳು ಸಣ್ಣ ಮೀನು ಸಾಕು. ಬ್ಲೂ ಟ್ಯಾಂಗ್ ಬೇಡ. ಡಾಮಿನೋ ಡ್ಯಾಮ್ಸೆಲ್ ಹೊರಗೆ ಹೋಗಬೇಕು. ಆದರೆ ಈ ಏಳನ್ನು ನೀವು ನನ್ನ ಮಾತಿನ ಮೇಲೆ ಒಪ್ಪಬೇಕಾಗಿಲ್ಲ. ಅದು ಬಂದ ದಾರಿ ತಿಳಿದರೆ ನಾಳೆ ತೊಟ್ಟಿ ಬದಲಾದಾಗ ನೀವೇ ಲೆಕ್ಕ ಹಾಕಿಕೊಳ್ಳಬಲ್ಲಿರಿ. ಎಲ್ಲ ಯಂತ್ರಗಳೂ ಸರಿಯಾಗಿ ನಡೆಯುತ್ತಿರುವ ದಿನ ತೊಟ್ಟಿಯಲ್ಲಿ ಎಷ್ಟು ಮೀನು ಬದುಕುತ್ತವೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕರೆಂಟು ಹೋಗಿ, ಪಂಪು ನಿಂತು, ಮನೆಯೊಳಗೆ ಸೆಖೆ ಕಟ್ಟಿಕೊಂಡ ರಾತ್ರಿಯನ್ನು ದಾಟಿ ಎಷ್ಟು ಮೀನು ಬೆಳಗು ಕಾಣುತ್ತವೆಯೋ ಅಷ್ಟೇ ಆ ತೊಟ್ಟಿಯ ಸಂಖ್ಯೆ.

ಇದನ್ನು ನಾನು ಕಲಿತದ್ದು ಮೀನುಗಳ ಬೆಲೆ ತೆತ್ತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದು ಮುಂಬಯಿಯಲ್ಲಿದ್ದ ಯಾರೂ ಮರೆಯುವಂಥದ್ದಲ್ಲ. ಅಂದು ಮಧ್ಯಾಹ್ನ ನಮ್ಮ ಉಪನಗರದಲ್ಲಿ ಹೋದ ಕರೆಂಟು ಬಂದದ್ದು ಮೂರನೆಯ ದಿನ. ಆಗ ನನ್ನ ಬಳಿಯೂ ನಿಮ್ಮದೇ ಅಳತೆಯ ತೊಟ್ಟಿಯಿತ್ತು, ಅದರಲ್ಲಿ ಹದಿಮೂರು ಮೀನುಗಳಿದ್ದವು. ಆರು ತಿಂಗಳಿಂದ ಒಂದೂ ಸತ್ತಿರಲಿಲ್ಲವಾದ್ದರಿಂದ ಹದಿಮೂರೇ ಸರಿಯಾದ ಸಂಖ್ಯೆಯೆಂದು ನಂಬಿದ್ದೆ. ರಾತ್ರಿ ಒಂಬತ್ತರ ಸುಮಾರಿಗೆ ಮೇಣದಬತ್ತಿ ಹಿಡಿದು ನೋಡಿದರೆ ಎಲ್ಲ ಮೀನುಗಳೂ ಮೇಲಕ್ಕೆ ಬಂದು, ನೀರು ಗಾಳಿಗೆ ತಾಗುವ ಗೆರೆಗೆ ಬಾಯಿ ಹಚ್ಚಿ, ಕಿವಿರುಗಳನ್ನು ಬಿಡುವಿಲ್ಲದೆ ಬಡಿಯುತ್ತಿದ್ದವು. ನಾನೂ ನನ್ನ ಹೆಂಡತಿಯೂ ಸರದಿಯ ಮೇಲೆ ಸ್ಟೀಲಿನ ತಂಬಿಗೆಯಲ್ಲಿ ನೀರು ಮೊಗೆದು, ಒಂದಡಿ ಎತ್ತರದಿಂದ ಮತ್ತೆ ಅದೇ ತೊಟ್ಟಿಗೆ ಸುರಿಯುತ್ತ ಕೂತೆವು. ಸುರಿಯುವಾಗ ಮೀನುಗಳು ಆ ಗುಳ್ಳೆಗಳ ಹತ್ತಿರಕ್ಕೆ ಬಂದು ನಿಲ್ಲುತ್ತಿದ್ದವು, ಕೈ ಸೋತು ನಿಲ್ಲಿಸಿದರೆ ಮತ್ತೆ ಮೇಲಕ್ಕೆ ಹೋಗುತ್ತಿದ್ದವು. ಬೆಳಗಿನ ಜಾವ ಇಬ್ಬರಿಗೂ ಅರ್ಧ ಗಂಟೆ ಜೊಂಪು ಹತ್ತಿತು. ಎದ್ದು ನೋಡಿದಾಗ ಗೇಣುದ್ದದ ಟ್ಯಾಂಗ್ ಕಲ್ಲಿಗೆ ಒರಗಿ ಬಿದ್ದಿತ್ತು. ಮೈಯ ನೀಲಿಯೆಲ್ಲ ಇಳಿದು ಬೂದಿಯ ಬಣ್ಣವಾಗಿತ್ತು. ಎಲ್ಲಕ್ಕಿಂತ ದೊಡ್ಡದು ಅದೇ, ಮೊದಲು ಹೋದದ್ದೂ ಅದೇ. ಪಂಪು ಮತ್ತೆ ತಿರುಗಿದ ಹೊತ್ತಿಗೆ ಉಳಿದಿದ್ದವು ನಾಲ್ಕು, ನಾಲ್ಕೂ ಹೆಬ್ಬೆರಳಿಗಿಂತ ತುಸು ಉದ್ದದ ಸಣ್ಣ ಮೀನುಗಳು.

ಆ ರಾತ್ರಿ ತೊಟ್ಟಿಯೊಳಗೆ ಏನು ನಡೆಯುತ್ತಿತ್ತು ಎಂಬುದನ್ನು ನಿಮ್ಮ ತೊಟ್ಟಿಯ ಅಂಕಿಗಳಲ್ಲೇ ನೋಡೋಣ. ಹೊರಗಿನ ಅಳತೆಯ ಪ್ರಕಾರ ಅದು ಒಂಬತ್ತು ಘನ ಅಡಿ, ಎಂದರೆ 255 ಲೀಟರ್. ಗಾಜಿನ ದಪ್ಪ, ಮೇಲೆ ಬಿಟ್ಟ ಎರಡು ಇಂಚು, ಕಲ್ಲು ಮತ್ತು ಮರಳು ಹಿಡಿದ ಜಾಗ ಇವನ್ನೆಲ್ಲ ಕಳೆದರೆ ಒಳಗೆ ನಿಜವಾಗಿ ಇರುವ ನೀರು 185 ಲೀಟರ್ ಇದ್ದೀತು. ಸಂಪ್ ಸೇರಿಸಿದರೆ 225. (ಇದು ನಮ್ಮ ಊರ ಮನೆಗಳ ನೆಲದಡಿಯ ಸಂಪ್ ಅಲ್ಲ, ತೊಟ್ಟಿಯ ಕೆಳಗೆ ಸ್ಟ್ಯಾಂಡಿನೊಳಗೆ ಕೂರುವ ಎರಡನೆಯ ಗಾಜಿನ ಪೆಟ್ಟಿಗೆ ಎಂದು ಹೊಸಬರಿಗಾಗಿ ಹೇಳುತ್ತೇನೆ.) ಪಂಪು ನಿಂತ ಕ್ಷಣ ಸಂಪ್‌ನ ನೀರಿಗೂ ಮೇಲಿನ ಮೀನಿಗೂ ಸಂಬಂಧ ಕಡಿದುಹೋಗುತ್ತದೆ; ಆದ್ದರಿಂದ ಕೆಟ್ಟ ರಾತ್ರಿಯ ಲೆಕ್ಕಕ್ಕೆ 185 ಲೀಟರ್ ಮಾತ್ರ. ಸಿಹಿನೀರಿಗಿಂತ ಉಪ್ಪುನೀರು ಕಡಿಮೆ ಆಮ್ಲಜನಕ ಹಿಡಿಯುತ್ತದೆ: 25 ಡಿಗ್ರಿಯಲ್ಲಿ ಸಿಹಿನೀರಿನ ಒಂದು ಲೀಟರಿನಲ್ಲಿ ಸುಮಾರು 8.2 ಮಿಲಿಗ್ರಾಂ ಕರಗಿದರೆ ಸಮುದ್ರದ ನೀರಿನಲ್ಲಿ 6.7. ನೀರು ಬಿಸಿಯಾದಷ್ಟೂ ಇದು ಇಳಿಯುತ್ತದೆ. 28 ಡಿಗ್ರಿಯಲ್ಲಿ ಸುಮಾರು 6.4. ಹಾಗಾದರೆ ನಿಮ್ಮ ತೊಟ್ಟಿಯಲ್ಲಿ ಒಟ್ಟು ಇರುವ ಆಮ್ಲಜನಕ ಎಷ್ಟು? ಹೆಚ್ಚೆಂದರೆ 1.2 ಗ್ರಾಂ. ಅಡುಗೆಮನೆಯ ಕಾಲು ಚಮಚ ಉಪ್ಪಿನ ತೂಕ. ಅದರಲ್ಲೂ ಅರ್ಧ ಮುಗಿಯುವ ಮೊದಲೇ ಮೀನುಗಳು ಏದುಸಿರು ಬಿಡತೊಡಗುತ್ತವೆ. ಮೇಲಾಗಿ, ನೀರು ಬಿಸಿಯಾದಂತೆ ಮೀನಿನ ಉಸಿರಾಟದ ಅಗತ್ಯ ಏರುತ್ತದೆ. ಇರುವುದು ಕಡಿಮೆಯಾಗುವ ಹೊತ್ತಿಗೇ ಬೇಕಾದದ್ದು ಹೆಚ್ಚಾಗುತ್ತದೆ.

ಈ ಆಮ್ಲಜನಕಕ್ಕೆ ಪಾಲುದಾರರು ಮೀನುಗಳಷ್ಟೇ ಅಲ್ಲ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ. ಏಳು ಸಣ್ಣ ಮೀನುಗಳಿಗೆ ದಿನಕ್ಕೆ ಒಂದು ಗ್ರಾಂನಷ್ಟು ಒಣ ಆಹಾರ ಸಾಕು. ಅದರಲ್ಲಿ ಶೇಕಡಾ 45 ಪ್ರೋಟೀನ್ ಇದ್ದರೆ 72 ಮಿಲಿಗ್ರಾಂ ಸಾರಜನಕ ಇದೆ ಎಂದಾಯಿತು; ಅದರ ಮೂರನೆಯ ಎರಡು ಭಾಗದಷ್ಟು, ಸುಮಾರು 50 ಮಿಲಿಗ್ರಾಂ, ಮೀನಿನ ಕಿವಿರುಗಳಿಂದಲೂ ಹೊಲಸಿನಿಂದಲೂ ಅಮೋನಿಯಾ ಆಗಿ ನೀರಿಗೆ ಬರುತ್ತದೆ ಎಂದು ಹಿಡಿಯೋಣ. ಕಲ್ಲಿನ ಮೇಲಿರುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ನೈಟ್ರೇಟ್ ಆಗಿ ಮಾಡುತ್ತವೆ. ಈ ಕೆಲಸಕ್ಕೆ ಸಾರಜನಕದ ತೂಕದ ಸುಮಾರು ನಾಲ್ಕೂವರೆ ಪಟ್ಟು ಆಮ್ಲಜನಕ ಬೇಕು, ಎಂದರೆ ದಿನಕ್ಕೆ 225 ಮಿಲಿಗ್ರಾಂ. ನಿಮ್ಮ ತೊಟ್ಟಿಯ ಇಡೀ ದಾಸ್ತಾನಿನ ಐದನೆಯ ಒಂದು ಭಾಗ ಹೀಗೆ ಒಂದು ಚಿಟಿಕೆ ಆಹಾರದ ಬೆನ್ನಿಗೇ ಹೋಗುತ್ತದೆ. ಇಪ್ಪತ್ತು ಮೀನಿಗೆ ಮೂರು ಗ್ರಾಂ ಹಾಕಿದಿರಾದರೆ ಐದನೆಯ ಮೂರು ಭಾಗ. ಪಂಪು ತಿರುಗುತ್ತಿರುವಷ್ಟು ಹೊತ್ತು ಗಾಳಿಯಿಂದ ಹೊಸ ಆಮ್ಲಜನಕ ಬರುತ್ತಲೇ ಇರುವುದರಿಂದ ಇದೊಂದೂ ನಮಗೆ ಕಾಣುವುದಿಲ್ಲ. ಅಂಗಡಿಯ ತೊಟ್ಟಿಯಲ್ಲಿ ಮೀನುಗಳು ಒತ್ತೊತ್ತಾಗಿ ಇದ್ದರೂ ಲವಲವಿಕೆಯಿಂದ ಇರುವುದಕ್ಕೂ ಇದೇ ಕಾರಣ. ಅಲ್ಲಿ ಅವು ಇರುವುದು ಕೆಲವೇ ದಿನ, ನಿಮ್ಮಲ್ಲಿ ವರ್ಷಗಟ್ಟಲೆ.

ಅಮೋನಿಯಾದ ವಿಷಯದಲ್ಲಿ ನಿಮ್ಮ ಹನ್ನೆರಡು ವರ್ಷದ ಸಿಹಿನೀರಿನ ಅನುಭವ ನಿಮಗೆ ಸ್ವಲ್ಪ ಮೋಸ ಮಾಡಬಹುದು. ಅಮೋನಿಯಾದ ವಿಷಕಾರಿ ರೂಪದ ಪಾಲು ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ಏರಿದಂತೆ ಏರುತ್ತದೆ. ಪಿಎಚ್ 7ರ ಸಿಹಿನೀರಿಗೆ ಹೋಲಿಸಿದರೆ 8.2ರ ಉಪ್ಪುನೀರಿನಲ್ಲಿ ಆ ಪಾಲು ಹತ್ತು ಪಟ್ಟು ಅಥವಾ ಅದಕ್ಕೂ ಹೆಚ್ಚು. ಅಲ್ಲಿ ಮೀನು ತಡೆದುಕೊಂಡ ತಪ್ಪನ್ನು ಇಲ್ಲಿ ತಡೆದುಕೊಳ್ಳುವುದಿಲ್ಲ. ಒಂದೇ ದಿನ ನಾಲ್ಕು ಮೀನು ತಂದು ಬಿಡಬಾರದು ಎನ್ನುವುದು ಇದಕ್ಕೇ: ಬ್ಯಾಕ್ಟೀರಿಯಾಗಳು ಈಗಿರುವ ಮೀನಿಗೆ ತಕ್ಕಷ್ಟೇ ಬೆಳೆದಿರುತ್ತವೆ, ಹೆಚ್ಚುವರಿ ಹೊರೆಗೆ ಹೊಂದಿಕೊಳ್ಳಲು ಅವಕ್ಕೆ ವಾರಗಳು ಬೇಕು.

ಇನ್ನು ನೈಟ್ರೇಟ್. ಒಂದು ಗ್ರಾಂ ಆಹಾರದಿಂದ ಬಂದ ಆ 50 ಮಿಲಿಗ್ರಾಂ ಸಾರಜನಕ ನಿಮ್ಮ 225 ಲೀಟರಿನಲ್ಲಿ ದಿನಕ್ಕೆ ಲೀಟರಿಗೆ ಒಂದು ಮಿಲಿಗ್ರಾಂನಷ್ಟು ನೈಟ್ರೇಟ್ ಏರಿಸುತ್ತದೆ, ವಾರಕ್ಕೆ ಏಳು. ವಾರಕ್ಕೆ ಶೇಕಡಾ 10ರಷ್ಟು ನೀರು ಬದಲಿಸಿದರೆ ಇದ್ದುದರ ಹತ್ತನೆಯ ಒಂದು ಭಾಗ ಮಾತ್ರ ಹೊರಗೆ ಹೋಗುವುದರಿಂದ, ಕಲ್ಲು, ಪಾಚಿ, ಸ್ಕಿಮ್ಮರ್ ಯಾವುದೂ ಸಹಾಯ ಮಾಡದಿದ್ದರೆ ಅದು 70ರ ಹತ್ತಿರ ಹೋಗಿ ನಿಲ್ಲುತ್ತದೆ. ಶೇಕಡಾ 20 ಬದಲಿಸಿದರೆ 35ರಲ್ಲಿ ನಿಲ್ಲುತ್ತದೆ. ಇಪ್ಪತ್ತು ಮೀನು ಇಟ್ಟರೆ ಇದನ್ನೆಲ್ಲ ಮೂರರಿಂದ ಗುಣಿಸಿಕೊಳ್ಳಿ. ಹೊಲಸು ಕೊಳೆಯುವ ಮೊದಲೇ ಸ್ಕಿಮ್ಮರ್ ಅದನ್ನು ನೊರೆಯಾಗಿ ಎತ್ತುತ್ತದೆ, ಕಲ್ಲಿನ ಒಳಪದರ ಸ್ವಲ್ಪ ನೈಟ್ರೇಟನ್ನು ಇಲ್ಲವಾಗಿಸುತ್ತದೆ, ಆದ್ದರಿಂದ ನಿಜವಾದ ಅಂಕಿ ಇದಕ್ಕಿಂತ ಕೆಳಗಿರುತ್ತದೆ. ಆದರೂ ಹೆಚ್ಚು ನೈಟ್ರೇಟ್ ಹವಳಕ್ಕೆ ಒಗ್ಗದು, ಮುಂದೆ ಹವಳ ಇಡುವ ಆಸೆಯಿದ್ದವರಿಗೆ ಈ ಗುಣಾಕಾರ ಎಚ್ಚರಿಕೆ. ವಾರಕ್ಕೆ ಶೇಕಡಾ 20 ಎಂದರೆ 45 ಲೀಟರ್ ಆರ್‌ಒ ನೀರು, ಲೀಟರಿಗೆ 35 ಗ್ರಾಂನಂತೆ ಒಂದೂವರೆ ಕಿಲೋಗೂ ಮೀರಿದ ಉಪ್ಪು. ಮೀನು ಎಷ್ಟು ಎಂದು ನಿರ್ಧರಿಸುವಾಗಲೇ ನೀವು ಎಷ್ಟು ಬಕೆಟ್ ಹೊರಲು ಸಿದ್ಧ ಎಂಬುದನ್ನೂ ನಿರ್ಧರಿಸುತ್ತಿರುತ್ತೀರಿ.

ಅಂಗಡಿಯವರ ಇಪ್ಪತ್ತು ಮತ್ತು ಹಿರಿಯರ ಐದು ಎಲ್ಲಿಂದ ಬಂದವು ಎಂಬುದನ್ನು ಊಹಿಸುವುದು ಕಷ್ಟವಲ್ಲ, ಎರಡೂ ಒಂದೇ ಗಾದೆಯ ಎರಡು ರೂಪಗಳು. ಸಿಹಿನೀರಿನಲ್ಲಿ ಒಂದು ಗ್ಯಾಲನ್ನಿಗೆ ಒಂದು ಇಂಚು ಮೀನು ಎಂಬ ಹಳೆಯ ಸೂತ್ರವಿದೆ. ನಿಮ್ಮ ನೀರು ಸುಮಾರು 60 ಗ್ಯಾಲನ್, ಹಾಗಾಗಿ ಮೂರಿಂಚಿನ ಇಪ್ಪತ್ತು ಮೀನು. ಉಪ್ಪುನೀರಿನಲ್ಲಿ ಅದನ್ನು ಐದು ಗ್ಯಾಲನ್ನಿಗೆ ಒಂದು ಇಂಚು ಎಂದು ಬಿಗಿಗೊಳಿಸಿಕೊಂಡಿದ್ದಾರೆ. ಆಗ ಸಿಗುವುದು ಹನ್ನೆರಡು ಇಂಚು, ಎಂದರೆ ಎರಡೂವರೆ ಇಂಚಿನ ಐದು ಮೀನು. ಎರಡನೆಯದು ಮೊದಲನೆಯದಕ್ಕಿಂತ ವಿವೇಕದ್ದು, ಅನುಮಾನವಿಲ್ಲ. ಆದರೆ ಎರಡಕ್ಕೂ ಒಂದೇ ದೋಷವಿದೆ. ಮೀನು ಉದ್ದದಿಂದ ಉಸಿರಾಡುವುದಿಲ್ಲ, ಮೈತೂಕದಿಂದ ಉಸಿರಾಡುತ್ತದೆ; ಉದ್ದ ಎರಡು ಪಟ್ಟಾದರೆ ತೂಕ ಎಂಟು ಪಟ್ಟಾಗುತ್ತದೆ. ಪೂರ್ತಿ ಬೆಳೆದ ಬ್ಲೂ ಟ್ಯಾಂಗ್ 30 ಸೆಂಟಿಮೀಟರಿನವರೆಗೆ, ಎಂದರೆ ಸರಿಯಾಗಿ ಹನ್ನೆರಡು ಇಂಚಿಗೆ ಮುಟ್ಟುತ್ತದೆ. ಹಿರಿಯರ ಸೂತ್ರದ ಪ್ರಕಾರವೇ ಅದೊಂದನ್ನು ನಿಮ್ಮ ತೊಟ್ಟಿಯಲ್ಲಿ ಇಡಬಹುದು! ಆಕಾರ ಒಂದೇ ಎಂದುಕೊಂಡರೆ ಆ ಒಂದು ಮೀನಿನ ತೂಕ ಮೂರಿಂಚಿನ ಅರವತ್ತನಾಲ್ಕು ಮೀನುಗಳಿಗೆ ಸಮ. ನಾನು ಹೇಳುವ ಏಳು ಮೀನುಗಳು ಬೆಳೆದಾಗ ಒಟ್ಟು ಉದ್ದ 58 ಸೆಂಟಿಮೀಟರ್ ಆಗುತ್ತದೆ, ಹಿರಿಯರ ಸೂತ್ರದ ಹನ್ನೆರಡು ಇಂಚಿನ ಸುಮಾರು ಎರಡು ಪಟ್ಟು. ಆದರೂ ಅವೆಲ್ಲ ಸೇರಿ ಆ ಒಂದು ಟ್ಯಾಂಗ್‌ನ ತೂಕಕ್ಕೆ ಹತ್ತಿರವೂ ಬರುವುದಿಲ್ಲ.

ಮಗಳಿಗೆ ಇಲ್ಲ ಎನ್ನುವುದು ಕಷ್ಟವೆಂದು ನನಗೆ ಗೊತ್ತು. ಅಂಗಡಿಯಲ್ಲಿ ಆ ಮೀನು ಎರಡು ಇಂಚು ಮಾತ್ರ ಇರುತ್ತದೆ, ನಾಲ್ಕಡಿಯ ತೊಟ್ಟಿ ಅದಕ್ಕೆ ಮೈದಾನದಂತೆ ಕಾಣುತ್ತದೆ. ಆದರೆ ಅದು ಹವಳದಿಬ್ಬದ ಮೇಲೆ ದಿನವಿಡೀ ಪಾಚಿಯನ್ನೂ ತೇಲುವ ಸೂಕ್ಷ್ಮಜೀವಿಗಳನ್ನೂ ಹುಡುಕುತ್ತ ಈಜುವ ಮೀನು. ಬೆಳೆದ ಮೇಲೆ ನಾಲ್ಕಡಿ ಅದಕ್ಕೆ ಮೂರ್ನಾಲ್ಕು ಬಾರಿ ಬಾಲ ಬೀಸುವಷ್ಟರ ದೂರ. ಜಾಗ ಸಾಲದ ಟ್ಯಾಂಗ್ ಗಾಜಿನುದ್ದಕ್ಕೂ ಒಂದೇ ಸಮನೆ ಹಿಂದೆ ಮುಂದೆ ಓಡಾಡುತ್ತದೆ, ಬೇಗ ರೋಗ ತಗುಲಿಸಿಕೊಳ್ಳುತ್ತದೆ. ಆರಡಿಗಿಂತ ಕಡಿಮೆ ತೊಟ್ಟಿಗೆ ಅದನ್ನು ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ದೊಡ್ಡದಾದ ಮೇಲೆ ಬೇರೆಯವರಿಗೆ ಕೊಡೋಣ ಎಂಬ ಯೋಚನೆಯೂ ಬೇಡ; ಗೇಣುದ್ದದ ಟ್ಯಾಂಗ್‌ಗೆ ಮನೆ ಹುಡುಕಿಕೊಡುವಂತೆ ಕೇಳಿ ನನಗೆ ಬರುವ ಪತ್ರಗಳು, ಅದನ್ನು ಬೇಕೆಂದು ಬರುವ ಪತ್ರಗಳಿಗಿಂತ ಎಷ್ಟೋ ಹೆಚ್ಚು.

ನೀರು ಎಷ್ಟು ಹೊರುತ್ತದೆ ಎಂಬುದರ ಜೊತೆಗೆ ಮೀನುಗಳು ಒಂದನ್ನೊಂದು ಎಷ್ಟು ಸಹಿಸುತ್ತವೆ ಎಂಬ ಪ್ರಶ್ನೆಯೂ ಇದೆ, ಹಲವು ತೊಟ್ಟಿಗಳಲ್ಲಿ ಇದೇ ಮೊದಲು ಮುಗಿಯುವ ಮಿತಿ. ಹವಳದಿಬ್ಬದ ಮೀನಿಗೆ ಒಂದು ಬಿರುಕು, ಒಂದು ಕಲ್ಲಿನ ಮೂಲೆ ಸ್ವಂತದ್ದಾಗಿ ಬೇಕು. ನಿಮ್ಮ ಡಾಮಿನೋ ಈಗ ಇಂಚುದ್ದದ, ಕಪ್ಪು ಮೈಯ ಮೇಲೆ ಮೂರು ಬಿಳಿ ಚುಕ್ಕೆಗಳ ಮುದ್ದಾದ ಮರಿ. ಅದು 14 ಸೆಂಟಿಮೀಟರಿನವರೆಗೆ ಬೆಳೆಯುತ್ತದೆ, ಚುಕ್ಕೆಗಳು ಮಾಸುತ್ತವೆ, ಆಮೇಲೆ ಬಂದ ಪ್ರತಿಯೊಂದು ಮೀನನ್ನೂ ಮೂಲೆಗೆ ಅಟ್ಟಿ ರೆಕ್ಕೆ ಹರಿಯುತ್ತದೆ. ಗಟ್ಟಿ ಜೀವವೆಂಬ ಕಾರಣಕ್ಕೆ ಹೊಸ ತೊಟ್ಟಿಯನ್ನು ಪಕ್ವಗೊಳಿಸಲು, ಎಂದರೆ ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಸಲು, ಡ್ಯಾಮ್ಸೆಲ್ ಮಾರುವ ಪದ್ಧತಿ ಇಂದಿಗೂ ಇದೆ, ಅದು ಮೀನಿಗೂ ಕ್ರೂರ, ಸಾಕುವವರಿಗೂ ತೊಂದರೆ. ಹಸಿರು ಕ್ರೋಮಿಸ್ ಆರು ತಂದರೆ ಚಂದದ ಹಿಂಡಾಗುತ್ತದೆ ಎಂದೂ ಯಾರಾದರೂ ಹೇಳಬಹುದು. ಸಣ್ಣ ತೊಟ್ಟಿಯಲ್ಲಿ ಅವು ತಮ್ಮತಮ್ಮಲ್ಲೇ ಕಾದಾಡಿ ಎರಡಕ್ಕೋ ಒಂದಕ್ಕೋ ಇಳಿಯುವುದನ್ನು ನಾನು ಮತ್ತೆಮತ್ತೆ ಕಂಡಿದ್ದೇನೆ. ಕ್ಲೌನ್ ಮೀನು ಎರಡೇ ಇರಲಿ, ಮೂರನೆಯದು ಬೇಡ. ಅವು ಹುಟ್ಟುವಾಗ ಎಲ್ಲವೂ ಗಂಡು, ಜೋಡಿಯಲ್ಲಿ ಮೇಲುಗೈ ಪಡೆದ ದೊಡ್ಡದು ಹೆಣ್ಣಾಗುತ್ತದೆ, ಮೂರನೆಯದಕ್ಕೆ ಆ ಸಂಸಾರದಲ್ಲಿ ಜಾಗವಿಲ್ಲ.

ಮುರ್ಡೇಶ್ವರದಾಚೆ ನೇತ್ರಾಣಿಯ ಬಂಡೆಗಳ ಸುತ್ತ ಮುಳುಗಿ ನೋಡಿದವರು, ಒಂದು ಕೋಣೆಯಷ್ಟು ಜಾಗದಲ್ಲಿ ನೂರಾರು ಮೀನು ಇರುತ್ತವಲ್ಲ ಎಂದು ಕೇಳುವುದುಂಟು. ಅಲ್ಲಿ ಪ್ರತಿಯೊಂದು ಅಲೆಯೂ ಉಬ್ಬರವೂ ನೀರನ್ನು ಪೂರ್ತಿಯಾಗಿ ಬದಲಿಸುತ್ತದೆ, ಸೋತ ಮೀನಿಗೆ ಓಡಿಹೋಗಲು ಇಡೀ ಕಡಲಿದೆ. 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯದಂಥ ಸಾರ್ವಜನಿಕ ತೊಟ್ಟಿಗಳನ್ನು ನೋಡಿ ಮನೆಯ ತೊಟ್ಟಿಗೆ ಲೆಕ್ಕ ಹಾಕುವುದೂ ಸರಿಯಲ್ಲ. ಅಂಥ ಕಡೆ ಗಾಜಿನ ಹಿಂದೆ ಯಂತ್ರಗಳೂ ಅವನ್ನು ಕಾಯಲು ಸಿಬ್ಬಂದಿಯೂ ಇರುತ್ತಾರೆ.

ಹಾಗಾದರೆ ಏಳು ಯಾವುವು? ಈಗಿರುವ ಎರಡು ಕ್ಲೌನ್ ಮೀನು, ಮೂರು ಪೈಜಾಮಾ ಕಾರ್ಡಿನಲ್, ಒಂದು ಫೈರ್‌ಫಿಶ್, ಒಂದು ಹಳದಿ ವಾಚ್‌ಮನ್ ಗೋಬಿ. ಇವುಗಳಲ್ಲಿ ಯಾವುದೂ ಹತ್ತು ಸೆಂಟಿಮೀಟರ್ ಮೀರುವುದು ಅಪರೂಪ. ಕ್ಲೌನ್ ಜೋಡಿ ಒಂದು ಮೂಲೆ ಹಿಡಿಯುತ್ತದೆ, ಕಾರ್ಡಿನಲ್‌ಗಳು ನಡುನೀರಿನಲ್ಲಿ ಗುಂಪಾಗಿ ತೇಲಿಕೊಂಡಿರುತ್ತವೆ, ಫೈರ್‌ಫಿಶ್ ತನ್ನ ಬಿಲದ ಎದುರು ನಿಂತು ತೇಲಿಬಂದದ್ದನ್ನು ತಿನ್ನುತ್ತದೆ, ಗೋಬಿ ಮರಳಿನ ಮೇಲೆ ಬದುಕುತ್ತದೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಕೈಹಾಕುವ ಪ್ರಸಂಗ ಕಡಿಮೆ. ಫೈರ್‌ಫಿಶ್ ಹೆದರಿದರೆ ತೊಟ್ಟಿಯಿಂದ ಹೊರಗೆ ಹಾರುತ್ತದೆ, ಆದ್ದರಿಂದ ಮೇಲೆ ಜಾಲರಿ ಹಾಕದೆ ಅದನ್ನು ತರಬೇಡಿ. ಯಾರಾದರೂ ಕಡಲಕುದುರೆಯನ್ನೋ ಸಮುದ್ರದಿಂದ ಕಿತ್ತ ಗಟ್ಟಿ ಹವಳವನ್ನೋ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. 2001ರಿಂದ ಅವು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿವೆ.

ತರುವ ಕ್ರಮ ಹೀಗಿರಲಿ. ಡಾಮಿನೋ ಹೋದ ಮೇಲೆ ಮೊದಲು ಸಂಕೋಚದ ಫೈರ್‌ಫಿಶ್ ಮತ್ತು ಗೋಬಿ, ತಿಂಗಳು ಬಿಟ್ಟು ಕಾರ್ಡಿನಲ್‌ಗಳು. ಪ್ರತಿ ಸಲವೂ ಹೊಸ ಮೀನನ್ನು ಕನಿಷ್ಠ ನಾಲ್ಕು ವಾರ ಬೇರೆ ಸಣ್ಣ ತೊಟ್ಟಿಯಲ್ಲಿ ಇಟ್ಟು ನೋಡಿ. ಕ್ರಿಪ್ಟೋಕ್ಯಾರಿಯನ್ ಎಂಬ ಪರೋಪಜೀವಿ ಮೀನಿನ ಮೈಯಿಂದ ಕಳಚಿ, ತಳದಲ್ಲಿ ಕೋಶ ಕಟ್ಟಿ ಒಡೆದು, ಒಂದೊಂದರಿಂದ ನೂರಕ್ಕೂ ಮಿಕ್ಕಿ ಮರಿಗಳನ್ನು ಬಿಡುತ್ತದೆ. ಅವು ಒಂದೆರಡು ದಿನದೊಳಗೆ ಮೀನನ್ನು ಹಿಡಿಯದಿದ್ದರೆ ಸಾಯುತ್ತವೆ. ಮೀನು ಕಿಕ್ಕಿರಿದ ತೊಟ್ಟಿಯಲ್ಲಿ ಅವುಗಳಿಗೆ ಹುಡುಕುವ ಶ್ರಮವೇ ಇರುವುದಿಲ್ಲ. ಕೊನೆಯ ಮೀನು ಬಂದು ಎರಡು ತಿಂಗಳಾದ ಮೇಲೆ, ದೀಪ ಹಾಕುವ ಮೊದಲು, ಬೆಳಿಗ್ಗೆ ಐದರ ಹೊತ್ತಿಗೆ ಒಮ್ಮೆ ಟಾರ್ಚು ಹಿಡಿದು ನೋಡಿ. ಕತ್ತಲಲ್ಲಿ ಪಾಚಿಯಿಂದ ಆಮ್ಲಜನಕ ಬರುವುದಿಲ್ಲವಾದ್ದರಿಂದ ನೀರು ಅತ್ಯಂತ ಸೊರಗಿರುವ ಹೊತ್ತು ಅದು. ಆಗಲೂ ಮೀನುಗಳ ಕಿವಿರು ನಿಧಾನವಾಗಿ ಆಡುತ್ತಿದ್ದರೆ ನಿಮ್ಮ ಸಂಖ್ಯೆ ಸರಿಯಾಗಿದೆ. ವೇಗವಾಗಿ ಬಡಿಯುತ್ತಿದ್ದರೆ, ಪಂಪು ನಡೆಯುತ್ತಿರುವಾಗಲೇ ಹಾಗಿದ್ದರೆ, ಒಂದೆರಡು ಮೀನು ಕಡಿಮೆಯಾಗಬೇಕು. ಮೇ ತಿಂಗಳಲ್ಲೂ ಅಕ್ಟೋಬರ್ ಸೆಖೆಯಲ್ಲೂ ಈ ಪರೀಕ್ಷೆಯನ್ನು ಮತ್ತೆ ಮಾಡಿ. ಬ್ಯಾಟರಿಯಿಂದ ನಡೆಯುವ ಒಂದು ಗಾಳಿ ಪಂಪು ಇಂದೇ ಕೊಂಡು ತೊಟ್ಟಿಯ ಪಕ್ಕದಲ್ಲೇ ಇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಒಳಗಿನ ಒಂದು ವೇವ್‌ಮೇಕರನ್ನಾದರೂ (ನೀರನ್ನು ಅಲೆಯಾಡಿಸುವ ಸಣ್ಣ ಪಂಪು) ಅದಕ್ಕೆ ಜೋಡಿಸಿ.

ಡಾಮಿನೋ ಹಿಡಿಯುವುದಕ್ಕೆ ಬಲೆ ಹಾಕಿ ಕಲ್ಲೆಲ್ಲ ಕಿತ್ತಾಡಬೇಡಿ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕತ್ತನ್ನು ಕತ್ತರಿಸಿ, ತಿರುವಿ ಬಾಟಲಿಯೊಳಕ್ಕೇ ತೂರಿಸಿ, ಒಳಗೆ ಒಂದು ಚೂರು ಸಿಗಡಿ ಇಟ್ಟು ಕಲ್ಲಿನ ಬುಡದಲ್ಲಿ ಮಲಗಿಸಿ. ಹಿಂದಿನ ದಿನ ಆಹಾರ ಹಾಕದಿದ್ದರೆ ಎಲ್ಲಕ್ಕಿಂತ ಧೈರ್ಯದ ಮೀನು ಮೊದಲು ಒಳಗೆ ಹೋಗುತ್ತದೆ, ನಿಮ್ಮ ತೊಟ್ಟಿಯಲ್ಲಿ ಅದು ಡಾಮಿನೋ ಆಗಿರುವ ಸಂಭವವೇ ಹೆಚ್ಚು. ಕ್ಲೌನ್ ಹೋದರೆ ಬಿಟ್ಟು ಮತ್ತೆ ಇಡಿ. ಹಿಡಿದದ್ದನ್ನು ಅಂಗಡಿಗೆ ಹಿಂತಿರುಗಿಸಿ, ಕಡಲಿಗೆ ಮಾತ್ರ ಬಿಡಬೇಡಿ. ಅದೇ ದಿನ ಎರಡು ಮೂರು ಕಲ್ಲುಗಳ ಜಾಗ ಬದಲಿಸಿಬಿಡಿ, ಮುಂದೆ ಫೈರ್‌ಫಿಶ್ ಮತ್ತು ಗೋಬಿ ಬಂದಾಗ ಇಡೀ ಕಲ್ಲಿನ ಮೇಲೆ ಕ್ಲೌನ್ ಜೋಡಿ ಹಕ್ಕು ಸಾಧಿಸಿರುವುದಿಲ್ಲ.